ರೈಫಲ್‌ನ ಮುಂದಿನ ಮಣಿ ಕಾಣದಿದ್ದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು ಕೆಳಗಿನ ಹಿಡಿ (ಲಿವರ್) ಆಡಿಸಿ ತೋಟಾ ತುಂಬುವ ಲಿವರ್ ಆ್ಯಕ್ಷನ್ ರೈಫಲ್. ಫ್ರಂಟ್ ಸೈಟ್ (ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಗುರುತು) ಎಂದರೆ ಕಪ್ಪು ಬ್ಲೇಡ್‌ನ ತುದಿಗೆ ಸಣ್ಣದೊಂದು ಹಿತ್ತಾಳೆ ಮಣಿ, ಅಷ್ಟೇ. ಬೆಳಕು ಸ್ವಲ್ಪ ಮಂಕಾದರೂ ಅದು ಕಣ್ಣಿಗೆ ಸಿಗುವುದಿಲ್ಲ. ವಯಸ್ಸು 52. ಯಾವ ಸೈಟ್ ಹಾಕಿಕೊಳ್ಳಲಿ?

ಉತ್ತರ: ಕೊಳ್ಳುವ ಮೊದಲು ತಪ್ಪು ಮಣಿಯದೋ ಕಣ್ಣಿನದೋ ಎಂದು ನೋಡಿಕೊಳ್ಳಿ. ಒಳ್ಳೆಯ ಬಿಸಿಲಿನಲ್ಲಿ ಖಾಲಿ ರೈಫಲ್ ಹಿಡಿದು ಸುರಕ್ಷಿತ ದಿಕ್ಕಿಗೆ ಗುರಿಯಿಟ್ಟು ನೋಡಿ. ಆಗಲೂ ಮಣಿಯ ಅಂಚು ಕಲಸಿಹೋದಂತೆ ಕಂಡರೆ ಸೈಟ್ ಬದಲಾಯಿಸಿ ಫಲವಿಲ್ಲ. ಮಣಿ ಕಣ್ಣಿನಿಂದ ಸುಮಾರು 90 ಸೆಂ.ಮೀ. ದೂರದಲ್ಲಿರುತ್ತದೆ. ನಲವತ್ತು ದಾಟಿದ ಕಣ್ಣು ಆ ದೂರಕ್ಕೆ ಹೊಂದಿಕೊಳ್ಳಲು ಒದ್ದಾಡುತ್ತದೆ. ದೂರದ್ದನ್ನು ನೋಡಲು ಹಾಕುವ ಕನ್ನಡಕದ ಪವರ್‌ಗೆ +0.50ರಿಂದ +0.75 ಸೇರಿಸಿದ ಗಾಜನ್ನು ಗುರಿಯ ಕಣ್ಣಿಗೆ ಹಾಕಿಸಿಕೊಂಡರೆ ಮಣಿ ಸ್ಪಷ್ಟವಾಗುತ್ತದೆ, ಗುರಿಯೂ ತೀರಾ ಮಸುಕಾಗುವುದಿಲ್ಲ.

ಬಿಸಿಲಿನಲ್ಲಿ ಚೊಕ್ಕವಾಗಿ ಕಂಡು ಮಬ್ಬಿನಲ್ಲಿ ಮಾಯವಾಗುತ್ತಿದ್ದರೆ ಅದು ಮಣಿಯದೇ ತೊಂದರೆ. ಹಳೆಯ ಹಿತ್ತಾಳೆ ಕಂದಿ ಕಪ್ಪಾಗಿರುತ್ತದೆ, ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ನೋಡಿ. ಮೇಲೆ ಹುಡ್ (ಮಣಿಯನ್ನು ಮುಚ್ಚುವ ಕವಚ) ಇದ್ದರೆ ತೆಗೆದು ನೋಡಿ, ಅದು ಬೆಳಕನ್ನು ತಡೆಯುತ್ತದೆ. ಇನ್ನೊಂದು ಪ್ರಯೋಗ: ಅಸಿಟೋನ್‌ನಿಂದ ಜಿಡ್ಡು ಒರೆಸಿ, ಬಿಳಿ ನೇಲ್ ಪಾಲಿಶ್ ಒಂದು ಕೋಟ್, ಒಣಗಿದ ಮೇಲೆ ಹೊಳೆಯುವ ಕಿತ್ತಳೆ ಬಣ್ಣದ್ದು ಎರಡು ತೆಳು ಕೋಟ್. ಕೆಳಗೆ ಬಿಳಿ ಇಲ್ಲದಿದ್ದರೆ ಕಿತ್ತಳೆ ಮಂಕಾಗಿಯೇ ಉಳಿಯುತ್ತದೆ. ಬೇಡವೆನಿಸಿದರೆ ಅದೇ ಅಸಿಟೋನ್‌ನಲ್ಲಿ ಒರೆಸಿದರಾಯಿತು.

ಇಷ್ಟಾದರೂ ಸಾಲದಿದ್ದರೆ ಹೊಸ ಸೈಟ್. ಮಣಿಗಳು ಹೆಚ್ಚಾಗಿ 1/16 ಇಂಚು (1.6 ಮಿ.ಮೀ.) ಮತ್ತು 3/32 ಇಂಚು (2.4 ಮಿ.ಮೀ.) ಅಳತೆಯಲ್ಲಿ ಬರುತ್ತವೆ. ದೊಡ್ಡದು ಬೇಗ ಕಣ್ಣಿಗೆ ಬೀಳುತ್ತದೆ ನಿಜ, ಆದರೆ 100 ಮೀಟರ್‌ನಲ್ಲಿ ಅದು ಸುಮಾರು 27 ಸೆಂ.ಮೀ. ಜಾಗವನ್ನು ಮುಚ್ಚುತ್ತದೆ. ಸಣ್ಣದು ಮುಚ್ಚುವುದು 18 ಸೆಂ.ಮೀ. ಫೈಬರ್ ಆಪ್ಟಿಕ್ (ಬೆಳಕು ಹೀರಿ ತುದಿಯಲ್ಲಿ ಹೊಳೆಯುವ ಪ್ಲಾಸ್ಟಿಕ್ ಕಡ್ಡಿ) ಸೈಟ್ ಹಗಲಿನಲ್ಲಿ ದೀಪದಂತೆ ಉರಿಯುತ್ತದೆ. ಆದರೆ ಕಡು ಬಿಸಿಲಿನಲ್ಲಿ ಅದರ ಹೊಳಪೇ ಸುತ್ತಲೂ ಹರಡಿ ಗುರಿಯನ್ನು ನುಂಗುತ್ತದೆ, ಪ್ಲಾಸ್ಟಿಕ್ ಕಡ್ಡಿ ಮುರಿಯಲೂಬಹುದು, ನಳಿಗೆ ತೊಳೆಯುವ ಸಾಲ್ವೆಂಟ್ ತಗುಲಿದರೆ ಹಾಳಾಗಲೂಬಹುದು. ನಮ್ಮ ಆಯ್ಕೆ ಚಪ್ಪಟೆ ಮುಖದ ಉಕ್ಕಿನ ಬ್ಲೇಡ್, ಅದರ ನಡುವೆ ಉದ್ದಕ್ಕೆ ಒಂದು ಬಿಳಿ ಗೆರೆ. ಹಿಂದೆ ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ನೋಡುವ ಸೈಟ್) ಇದ್ದರಂತೂ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಪ್ರಶ್ನೆ: ಹೊಸ ಸೈಟ್ ಎಷ್ಟು ಎತ್ತರದ್ದಿರಬೇಕು?

ಉತ್ತರ: ಹೆಚ್ಚಿನವರು ಎಡವುವುದು ಇಲ್ಲೇ. ಕಾಣುವುದೊಂದನ್ನೇ ನೋಡಿ ಕೊಂಡು ತರುತ್ತಾರೆ, ಹಾಕಿದ ಮೇಲೆ ಗುಂಡು ಒಂದು ಗೇಣು ಮೇಲೋ ಕೆಳಗೋ ಬೀಳುತ್ತದೆ. ಹಳೆಯದನ್ನು ಬಿಚ್ಚುವ ಮೊದಲೇ ಹಿಂದಿನ ಸೈಟನ್ನು ಎತ್ತುವ ಮೆಟ್ಟಿಲನ್ನು ಮಧ್ಯದಲ್ಲಿಟ್ಟು, 50 ಮೀಟರ್‌ನಲ್ಲಿ ಒರಗು ಕೊಟ್ಟು ಐದು ಗುಂಡು ಹೊಡೆಯಿರಿ. ಗುಂಪಿನ ನಡುವಿನಿಂದ ಗುರಿಗೆ ಎಷ್ಟು ಅಂತರ ಎಂದು ಅಳೆಯಿರಿ. ಎರಡು ಸೈಟ್‌ಗಳ ನಡುವಿನ ದೂರವನ್ನೂ ಅಳೆಯಿರಿ. ಎಲ್ಲವೂ ಮಿ.ಮೀ.ನಲ್ಲಿರಲಿ.

ಲೆಕ್ಕ ಸುಲಭ: ಗುಂಡು ತಪ್ಪಿದ ಅಂತರವನ್ನು ಸೈಟ್‌ಗಳ ನಡುವಿನ ದೂರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಗುಂಡು 80 ಮಿ.ಮೀ. ಮೇಲೆ ಬಿದ್ದಿದೆ, ಸೈಟ್‌ಗಳ ನಡುವೆ 400 ಮಿ.ಮೀ. ಇದೆ ಎಂದುಕೊಳ್ಳಿ. 80 × 400 ÷ 50,000 = 0.64 ಮಿ.ಮೀ. ಗುಂಡು ಮೇಲೆ ಬೀಳುತ್ತಿದ್ದರೆ ಫ್ರಂಟ್ ಸೈಟ್ ಅಷ್ಟು ಎತ್ತರವಾಗಬೇಕು, ಕೆಳಗೆ ಬೀಳುತ್ತಿದ್ದರೆ ಅಷ್ಟು ತಗ್ಗಬೇಕು. ಕ್ಯಾಟಲಾಗ್‌ನ ಎತ್ತರವನ್ನು ಸಾಮಾನ್ಯವಾಗಿ ಡವ್‌ಟೇಲ್‌ನ (ನಳಿಗೆಯ ತೋಡಿಗೆ ಅಡ್ಡಕ್ಕೆ ಜಾರಿ ಕೂರುವ ಸೈಟಿನ ಬುಡ) ತಳದಿಂದ ಮಣಿಯ ನೆತ್ತಿಯವರೆಗೆ ಅಳೆದಿರುತ್ತಾರೆ, ಅದೂ ಇಂಚಿನಲ್ಲಿ. ಹಾಗಾಗಿ ಹಳೆಯದನ್ನು ಹೊರತೆಗೆದು ಕ್ಯಾಲಿಪರ್‌ನಿಂದ ಹಾಗೆಯೇ ಅಳೆದು ಹೋಲಿಸಿ. ಸರಿಯಾದ ಅಳತೆ ಸಿಗದಿದ್ದರೆ ಒಂದು ಕೂದಲು ಎತ್ತರದ್ದನ್ನೇ ಕೊಳ್ಳಿ. ಬ್ಲೇಡನ್ನು ಅರದಿಂದ ಉಜ್ಜಿ ತಗ್ಗಿಸಬಹುದು, ಬೆಳೆಸಲಾಗದು. ಮಣಿಯದಾದರೆ ಉಜ್ಜುವಂತಿಲ್ಲ, ಹಿಂದಿನ ಸೈಟನ್ನು ಎತ್ತಿ ಸರಿದೂಗಿಸಬೇಕು.

ಪ್ರಶ್ನೆ: ಹಳೆಯದನ್ನು ನಾನೇ ಬಿಚ್ಚಬಹುದೇ?

ಉತ್ತರ: ಬಿಚ್ಚಬಹುದು. ಮೊದಲು ರೈಫಲ್ ಖಾಲಿ ಮಾಡಿ. ಲಿವರ್ ರೈಫಲ್‌ಗೆ ನಳಿಗೆಯ ಕೆಳಗೆ ಮ್ಯಾಗಜೀನ್ ಟ್ಯೂಬ್ ಇರುತ್ತದೆ, ಕೊಳೆ ಹಿಡಿದರೆ ತೋಟಾ ಅದರೊಳಗೇ ಸಿಕ್ಕಿಕೊಂಡು ಹೊರಬರದೇ ಉಳಿಯಬಹುದು. ಲಿವರ್ ತೆರೆದು ಛೇಂಬರಿಗೆ (ತೋಟಾ ಕೂರುವ ನಳಿಗೆಯ ಹಿಂತುದಿ) ಬೆರಳಿಟ್ಟು ನೋಡಿ. ಟ್ಯೂಬಿನ ಫಾಲೋವರ್ (ಸ್ಪ್ರಿಂಗ್ ಬಲದಿಂದ ತೋಟಾಗಳನ್ನು ತಳ್ಳುವ ಬಿರಡೆ) ಹಿಂದಕ್ಕೆ ಬಂದು ಕಣ್ಣಿಗೆ ಕಂಡರೆ ಮಾತ್ರ ಖಾಲಿ ಎಂದು ನಂಬಿ.

ಇನ್ನು ಸೈಟ್ ಹೇಗೆ ಕೂತಿದೆ ನೋಡಿ. ಅಮೆರಿಕದ ಮಾದರಿಗಳಲ್ಲಿ ಸಾಮಾನ್ಯವಾಗಿ 3/8 ಇಂಚಿನ (9.5 ಮಿ.ಮೀ.) ಡವ್‌ಟೇಲ್ ಗಾಡಿ (ತೋಡು) ನಳಿಗೆಯಲ್ಲೋ ಅದರ ಮೇಲಿನ ಇಳಿಜಾರು ದಿಬ್ಬ, ಅಂದರೆ ರ್‍ಯಾಂಪ್‌ನಲ್ಲೋ ಇರುತ್ತದೆ. ಕೆಲವು ಕಾರ್ಬೈನ್‌ಗಳಲ್ಲಿ ಬ್ಲೇಡನ್ನು ಅಡ್ಡ ಪಿನ್‌ನಿಂದ ಕೂರಿಸಿರುತ್ತಾರೆ, ಇಲ್ಲವೇ ಬೆಸೆದಿರುತ್ತಾರೆ. ಪಿನ್ನೋ ಬೆಸುಗೆಯೋ ಕಂಡರೆ ಬಡಿಯಬೇಡಿ, ಬಂದೂಕು ರಿಪೇರಿಯವರಿಗೆ ಕೊಡಿ.

ಡವ್‌ಟೇಲ್ ಆದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಒಂದೆರಡು ಹನಿ ಬಿಡಿ. ಚರ್ಮ ಸುತ್ತಿದ ವೈಸ್‌ನಲ್ಲಿ ಸೈಟಿನ ಹತ್ತಿರವೇ ನಳಿಗೆಯನ್ನು ಹಿಡಿಸಿ. ಟ್ಯೂಬ್ ತೆಳು ತಗಡು, ಅದನ್ನು ವೈಸ್‌ಗೆ ಸಿಕ್ಕಿಸಿದರೆ ನೆಗ್ಗಿ ತೋಟಾ ಜಾರುವುದೇ ನಿಲ್ಲುತ್ತದೆ. ಹಳೆಯ ಸೈಟಿನ ಬುಡದಲ್ಲಿ ನಳಿಗೆಯ ಮೇಲೆ ಪೆನ್ಸಿಲ್ ಗುರುತು ಹಾಕಿ. ಹಿತ್ತಾಳೆ ಪಂಚನ್ನು ಬುಡಕ್ಕೆ ಮಾತ್ರ ಆನಿಸಿ. ಬ್ಲೇಡಿಗೆ ಪೆಟ್ಟು ಬಿದ್ದರೆ ಬಾಗುತ್ತದೆ. ರೈಫಲ್ ಹಿಂದೆ ನಿಂತು ನೋಡಿದಾಗ ಎಡದಿಂದ ಬಲಕ್ಕೆ ಹೊರಗೆ, ಬಲದಿಂದ ಎಡಕ್ಕೆ ಒಳಗೆ: ರೂಢಿ ಇದು. ಹತ್ತಾರು ಸಲ ಕುಟುಕುವುದಕ್ಕಿಂತ ಗಟ್ಟಿಯಾದ ನಾಲ್ಕು ಪೆಟ್ಟು ಮೇಲು. ಪಂಚಿನ ಹಳದಿ ಗೀರು ಉಳಿದರೆ ಎಣ್ಣೆ ಹಚ್ಚಿದ 0000 ನಂಬರಿನ ಉಕ್ಕಿನ ನಾರಿನಿಂದ ಹಗುರವಾಗಿ ಒರೆಸಿ.

ಹೊಸದು ಹೆಬ್ಬೆರಳ ಒತ್ತಡಕ್ಕೆ ಗಾಡಿಯ ಮೂರನೇ ಒಂದು ಭಾಗದಷ್ಟು ಒಳಹೋಗಿ ನಿಲ್ಲಬೇಕು, ಉಳಿದಷ್ಟು ಪಂಚಿನಿಂದ. ಅಷ್ಟೂ ಹೋಗದಿದ್ದರೆ ಸೈಟಿನ ತಳವನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟ ನುಣುಪು ಸ್ಯಾಂಡ್‌ಪೇಪರಿನಲ್ಲಿ ನಾಲ್ಕಾರು ಸಲ ಎಳೆದು ಮತ್ತೆ ಹಾಕಿ ನೋಡಿ. ನಳಿಗೆಯ ಗಾಡಿಗೆ ಅರ ಮುಟ್ಟಿಸಲೇಬೇಡಿ. ಸೈಟ್ ಕೆಟ್ಟರೆ ಇನ್ನೊಂದು ತರಬಹುದು, ನಳಿಗೆ ಕೆಟ್ಟರೆ ಹಾಗಲ್ಲ.

ಪ್ರಶ್ನೆ: ಹೊಸ ಸೈಟ್ ಸಡಿಲ. ಬೆರಳಲ್ಲೇ ಜಾರುತ್ತದೆ.

ಉತ್ತರ: ಗಾಡಿಯ ತುಟಿಗಳನ್ನು ಬಡಿದು ಬಿಗಿಮಾಡಬೇಡಿ. ಸೈಟಿನ ಕೆಳಗೆ 0.05 ಮಿ.ಮೀ. ಹಿತ್ತಾಳೆ ಹಾಳೆಯ ತುಂಡಿಟ್ಟು ಕೂರಿಸಿ. ಮೊದಲು ಗುರಿ ಹೊಂದಿಸಿ, ಆಮೇಲೆ ಬಿಚ್ಚಿ, ಜಿಡ್ಡು ತೆಗೆದು, ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ಒಂದು ಹನಿ ಹಾಕಿ ಅದೇ ಗುರುತಿಗೆ ತನ್ನಿ. ಒಂದು ದಿನ ಬಿಡಿ. ಅಡ್ಡಕ್ಕೆ ಹೊಂದಿಸುವಾಗ ಫ್ರಂಟ್ ಸೈಟನ್ನು ಗುಂಡು ತಪ್ಪಿದ ಕಡೆಗೇ ಸರಿಸಬೇಕು: ಎಡಕ್ಕೆ ಬಿದ್ದರೆ ಎಡಕ್ಕೆ.

ಪ್ರಶ್ನೆ: ಒಂದೇ ಜಾಗದಲ್ಲಿ ನಿಂತು ಹೊಡೆದರೂ ಬೆಳಗ್ಗೆ ಗುಂಡು ಬಲಕ್ಕೆ, ಸಂಜೆ ಎಡಕ್ಕೆ. ಸೈಟ್ ಅಲುಗುತ್ತಿಲ್ಲ.

ಉತ್ತರ: ನಿಮ್ಮದು ದುಂಡು ಮುಖದ ಹೊಳೆಯುವ ಮಣಿ ಇರಬೇಕು. ಬಿಸಿಲು ಎಡದಿಂದ ಬಿದ್ದರೆ ಮಣಿಯ ಎಡ ಕೆನ್ನೆ ಮಾತ್ರ ಹೊಳೆಯುತ್ತದೆ. ಆ ಹೊಳಪನ್ನೇ ನಡುವೆಂದುಕೊಂಡು ಗುರಿಯಿಟ್ಟರೆ ನಿಜವಾದ ಮಣಿ ಬಲಕ್ಕೆ ಸರಿದಿರುತ್ತದೆ, ಗುಂಡೂ ಅತ್ತಲೇ ಹೋಗುತ್ತದೆ. ಅರ್ಧ ಮಿ.ಮೀ. ಮೋಸವಾದರೂ 400 ಮಿ.ಮೀ. ಅಂತರದ ಸೈಟ್‌ನಲ್ಲಿ 50 ಮೀಟರ್‌ಗೆ 6 ಸೆಂ.ಮೀ. ತಪ್ಪುತ್ತದೆ. ಸಣ್ಣ ನುಣುಪು ಅರದಿಂದ ಮಣಿಯ ಮುಖವನ್ನು ಚಪ್ಪಟೆ ಮಾಡಿ, ಆ ಮುಖ ತುಸು ಆಕಾಶ ನೋಡುವಂತಿರಲಿ. ಆಗ ಮೇಲಿನ ಬೆಳಕು ಇಡೀ ಮುಖಕ್ಕೆ ಸಮನಾಗಿ ಬೀಳುತ್ತದೆ.