3 ಟಿಬಿ ಹಾರ್ಡ್ ಡಿಸ್ಕ್ 746 ಜಿಬಿ ಆಗುವುದು ಯಾಕೆ?

ಹಳೆಯ ಡೆಸ್ಕ್‌ಟಾಪ್‌ಗೆ ದೊಡ್ಡ ಡಿಸ್ಕ್ ಹಾಕಿದವರ ಪತ್ರಗಳು ನಿಲ್ಲುತ್ತಲೇ ಇಲ್ಲ. ಅರ್ಧ ಜನ ಡೇಟಾ ಕಳೆದುಕೊಂಡ ಮೇಲೆ ಬರೆಯುತ್ತಾರೆ. ಅದಕ್ಕೇ ಈ ಸಲ ಬೇರೆ ವಿಷಯ ಬೇಡ.

ಪ್ರಶ್ನೆ: ನನ್ನದು 2009ರ ಡೆಸ್ಕ್‌ಟಾಪ್, ವಿಂಡೋಸ್ 7 ಇದೆ. ಹೊಸ 3 ಟಿಬಿ ಡಿಸ್ಕ್ ಹಾಕಿದರೆ 746 ಜಿಬಿ ಅಂತ ತೋರಿಸುತ್ತಿದೆ. ರಿಪೇರಿಯವರು ಮದರ್‌ಬೋರ್ಡ್ ಬದಲಿಸಿ ಅನ್ನುತ್ತಾರೆ. ಬದಲಿಸಲೇಬೇಕಾ?

ಬೇಡ. ಆದರೆ ಕಾರಣ ಗೊತ್ತಾಗುವ ತನಕ ಆ ಡಿಸ್ಕಿಗೆ ಒಂದು ಫೈಲನ್ನೂ ಕಾಪಿ ಮಾಡಬೇಡಿ.

746 ಅನ್ನುವುದು ಸುಮ್ನೆ ಬಂದ ಸಂಖ್ಯೆ ಅಲ್ಲ. ಡಿಸ್ಕಿನ ಜಾಗವನ್ನು 512 ಬೈಟಿನ ಸೆಕ್ಟರ್‌ಗಳಲ್ಲಿ, ಅಂದರೆ ಪುಟ್ಟ ತುಂಡುಗಳಲ್ಲಿ, ಎಣಿಸುತ್ತಾರೆ. 32 ಬಿಟ್ ಲೆಕ್ಕದಲ್ಲಿ ಸುಮಾರು 429 ಕೋಟಿ ಸೆಕ್ಟರ್ ಎಣಿಸಬಹುದು, ಅಂದರೆ 2.2 ಟಿಬಿ. ಅದು ದಾಟಿದರೆ 9999 ಆದ ಮೀಟರ್ 0000ಕ್ಕೆ ತಿರುಗಿದ ಹಾಗೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. 3 ಟಿಬಿಯಲ್ಲಿ 2.2 ಕಳೆದು ಉಳಿದ ಸುಮಾರು 800 ಜಿಬಿಯೇ ವಿಂಡೋಸ್ ಲೆಕ್ಕದ 746 ಜಿಬಿ (ಈ ಎರಡು ಲೆಕ್ಕಗಳ ವಿಷಯ ಮುಂದಿನ ಪ್ರಶ್ನೆಯಲ್ಲಿದೆ).

ಈಗ ವಿಂಡೋಸಿನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಪ್ರೋಗ್ರಾಮ್ ತೆರೆದು ನೋಡಿ. ಇಡೀ ಡಿಸ್ಕೇ 746 ಎಂದಿದ್ದರೆ ಹೆಚ್ಚಾಗಿ ತಪ್ಪು ಸಾಟಾ ಕಂಟ್ರೋಲರ್‌ನ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಭಾಗ) ಹಳೆಯ ಡ್ರೈವರ್‌ನದು, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್‌ನದು. ಚಿಪ್‌ಸೆಟ್ ತಯಾರಕರ ಸೈಟಿನಿಂದಲೇ ಹೊಸ ಡ್ರೈವರ್ ತಂದು ಹಾಕಿ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ಸಾಟಾ ಮೋಡ್ ಬದಲಿಸಿ ನೋಡೋಣ ಅಂತ ಹೊರಡಬೇಡಿ, ವಿಂಡೋಸ್ ಬೂಟ್ ಆಗುವುದೇ ನಿಲ್ಲಬಹುದು. 2048 ಜಿಬಿಯ (ವಿಂಡೋಸ್ ಲೆಕ್ಕದಲ್ಲಿ ಅದೇ 2.2 ಟಿಬಿ) ಒಂದು ಭಾಗ, 746ರ ಇನ್ನೊಂದು ಖಾಲಿ ಭಾಗ ಕಂಡರೆ ಡ್ರೈವರ್ ಸರಿ ಇದೆ. ಡಿಸ್ಕಿನ ಭಾಗಗಳ ಪಟ್ಟಿ ಎಂಬಿಆರ್ ಎಂಬ ಹಳೆಯ, 32 ಬಿಟ್ ಲೆಕ್ಕದ ಪದ್ಧತಿಯಲ್ಲಿದೆ, ಅಷ್ಟೇ. ಖಾಲಿ ಇರುವಾಗಲೇ ಈ ಮಿತಿ ಇಲ್ಲದ ಹೊಸ ಪದ್ಧತಿ ಜಿಪಿಟಿಗೆ ಬದಲಿಸಿ.

ಇಷ್ಟೊಂದು ಹೆದರಿಸುವುದು ಯಾಕೆ ಅಂದರೆ, ಈ ಮಿತಿ ದಾಟಿದಾಗ ಎರರ್ ಬಂದೇ ಬರುತ್ತದೆ ಅನ್ನುವಂತಿಲ್ಲ. ಹಿಂದೆ 28 ಬಿಟ್ ಲೆಕ್ಕದ 137 ಜಿಬಿ ಮಿತಿ ಇತ್ತು. ವಿಂಡೋಸ್ ಎಕ್ಸ್‌ಪಿಗೆ ಅದನ್ನು ದಾಟುವ ಶಕ್ತಿ ಬಂದದ್ದು 2002ರ ಸರ್ವಿಸ್ ಪ್ಯಾಕ್ 1ರಲ್ಲಿ. ಬೇರೆ ಕಂಪ್ಯೂಟರಿನಲ್ಲಿ ದೊಡ್ಡ ಪಾರ್ಟಿಷನ್ (ಡಿಸ್ಕಿನ ವಿಭಾಗ) ಮಾಡಿ ಹಳೆಯ ಸಿಸ್ಟಮ್ಮಿಗೆ ಹಾಕಿದ ಡಿಸ್ಕ್ ಎಷ್ಟೋ ದಿನ ಚೆನ್ನಾಗಿಯೇ ಓಡುತ್ತಿತ್ತು. 137 ದಾಟಿದ ದಿನ ಹೊಸ ಫೈಲು ಡಿಸ್ಕಿನ ಆರಂಭಕ್ಕೇ ಹೋಗಿ ಬೀಳಬಹುದಿತ್ತು. ಅಲ್ಲಿರುವುದು ಪಾರ್ಟಿಷನ್ ಮತ್ತು ಫೈಲ್ ಸಿಸ್ಟಮ್ಮಿನ ಮಾಹಿತಿ. ಅದು ಅಳಿಸಿದರೆ ಎಲ್ಲವೂ ಹೋದಂತೆ.

ವಿಂಡೋಸನ್ನೇ ಈ ಡಿಸ್ಕಿನಲ್ಲಿ ಹಾಕಿ ಪೂರ್ತಿ ಜಾಗ ಬಳಸಬೇಕಾದರೆ ಯುಇಎಫ್‌ಐ (ಬಯಾಸ್‌ನ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ಮತ್ತು 64 ಬಿಟ್ ವಿಂಡೋಸ್ ಬೇಕು. 2009ರ ಬೋರ್ಡಿನಲ್ಲಿ ಅದನ್ನು ನಂಬಿಕೊಳ್ಳಬೇಡಿ. ವಿಂಡೋಸ್ ಹಳೆಯ ಡಿಸ್ಕಲ್ಲೋ ಸಣ್ಣ ಎಸ್‌ಎಸ್‌ಡಿಯಲ್ಲೋ ಇರಲಿ. ಹೊಸದು ಡೇಟಾಕ್ಕೆ ಮಾತ್ರ. ಅದಕ್ಕೆ ಹಳೆಯ ಬಯಾಸ್ ಸಾಕು.

ಪ್ರಶ್ನೆ: 500 ಜಿಬಿ ಡಿಸ್ಕ್ 465 ತೋರಿಸುತ್ತದೆ. ಮೋಸವೇ?

ಅಲ್ಲ. ಕಂಪನಿಯದು 1000ದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ.

ಪ್ರಶ್ನೆ: ಲೋ ಲೆವೆಲ್ ಫಾರ್ಮ್ಯಾಟ್ ಮಾಡಿದರೆ, ಇಲ್ಲವೇ ಸೈಜ್ ಹೆಚ್ಚಿಸುವ ಸಾಫ್ಟ್‌ವೇರ್ ಹಾಕಿದರೆ ಪೂರ್ತಿ ಜಾಗ ಸಿಗುತ್ತದಂತೆ?

ಸಿಗುವುದಿಲ್ಲ. ಹಾಗೆ ಹೇಳುವವರ ಕೈಗೆ ನಿಮ್ಮ ಡಿಸ್ಕ್ ಕೊಡಬೇಡಿ.

ಪ್ರಶ್ನೆ: ಯುಎಸ್‌ಬಿ ಬಾಕ್ಸಿನಲ್ಲಿದ್ದ 4 ಟಿಬಿ ಡಿಸ್ಕ್ ಬಿಚ್ಚಿ ಡೆಸ್ಕ್‌ಟಾಪ್ ಒಳಗೆ ಹಾಕಿದೆ. ಫಾರ್ಮ್ಯಾಟ್ ಮಾಡಿ ಅನ್ನುತ್ತಿದೆ. ಮಾಡಲಾ?

ಖಂಡಿತ ಬೇಡ! ಎಕ್ಸ್‌ಪಿಯಲ್ಲೂ ದೊಡ್ಡ ಡಿಸ್ಕ್ ಕಾಣಲಿ ಎಂದು ಕೆಲವು ಬಾಕ್ಸ್‌ಗಳು 512ರ ಬದಲು 4096 ಬೈಟಿನ ಸೆಕ್ಟರ್ ತೋರಿಸುತ್ತವೆ. ಬಾಕ್ಸಿನಿಂದ ಹೊರಗೆ ಬಂದರೆ ಲೆಕ್ಕ ತಾಳೆಯಾಗುವುದಿಲ್ಲ. ಫೈಲುಗಳು ಅಲ್ಲೇ ಇರುತ್ತವೆ. ಡಿಸ್ಕನ್ನು ಅದೇ ಬಾಕ್ಸಿಗೆ ಮರಳಿ ಹಾಕಿ, ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಒಂದೆರಡು ಫೈಲು ತೆರೆದು ನೋಡಿ, ಆಮೇಲೆ ಒಳಗೆ ಜೋಡಿಸಿ ಜಿಪಿಟಿಯಲ್ಲಿ ಫಾರ್ಮ್ಯಾಟ್ ಮಾಡಿ.