ವಿಶ್ವ ಸಿನಿಮಾದ ಇತಿಹಾಸವನ್ನು ಮತ್ತೆ ಮತ್ತೆ ತಿದ್ದಿ ಬರೆಯುವುದೇಕೆ?

ಇತಿಹಾಸಕಾರರ ಕೈಗೆ ಸಿಗುವ ಪ್ರತಿಗಳೇ ಬದಲಾಗುತ್ತಿರುವುದು ಇದಕ್ಕೆ ಮುಖ್ಯ ಕಾರಣ. ಅಮೆರಿಕದ ಆರಂಭಿಕ ನಿರ್ದೇಶಕ ಎಡ್ವಿನ್ ಪೋರ್ಟರ್ 1903ರಲ್ಲಿ ತೆರೆಗೆ ತಂದ ‘ಲೈಫ್ ಆಫ್ ಆ್ಯನ್ ಅಮೆರಿಕನ್ ಫೈರ್‌ಮನ್’ ಒಳ್ಳೆಯ ನಿದರ್ಶನ. ಉರಿಯುವ ಮನೆಯ ಒಳಗಿನ ಮತ್ತು ಹೊರಗಿನ ದೃಶ್ಯಗಳನ್ನು ಒಂದರ ನಡುವೆ ಒಂದರಂತೆ ಹೆಣೆದಿದ್ದ ಪ್ರತಿಯೊಂದನ್ನು ನಂಬಿ, ಇಂಥ ಸಂಕಲನಕ್ಕೆ ಪೋರ್ಟರ್ ಅವರೇ ಆದ್ಯರೆಂದು ಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. ಆದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕಾಗದದ ಮೇಲೆ ಮುದ್ರಿತವಾದ ಇನ್ನೊಂದು ಪ್ರತಿಯಿತ್ತು (1912ರವರೆಗೆ ಅಲ್ಲಿನ ಹಕ್ಕುಸ್ವಾಮ್ಯ ಕಾನೂನಿನಲ್ಲಿ ಚಲನಚಿತ್ರವೆಂಬ ಪ್ರತ್ಯೇಕ ವರ್ಗವೇ ಇರಲಿಲ್ಲವಾದ್ದರಿಂದ, ನಿರ್ಮಾಪಕರು ಅವನ್ನು ಛಾಯಾಚಿತ್ರಗಳೆಂದು ನೋಂದಾಯಿಸುತ್ತಿದ್ದರು). ಅದರಲ್ಲಿ ರಕ್ಷಣೆಯ ಘಟನೆ ಮೊದಲು ಪೂರ್ತಿಯಾಗಿ ಒಳಗಿನಿಂದ, ಬಳಿಕ ಅದೇ ಘಟನೆ ಮತ್ತೊಮ್ಮೆ ಹೊರಗಿನಿಂದ ಕಾಣುತ್ತದೆ. ಹೆಣೆದ ರೂಪ ಆಮೇಲೆ ಯಾರೋ ಕತ್ತರಿಸಿ ಜೋಡಿಸಿದ್ದೆಂದು ಈಗ ಒಪ್ಪಲಾಗಿದೆ.

1978ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆದ ಚಲನಚಿತ್ರ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಒಕ್ಕೂಟದ ಸಮ್ಮೇಳನದಲ್ಲಿ, 1900ರಿಂದ 1906ರವರೆಗಿನ ನೂರಾರು ಕಥಾಚಿತ್ರಗಳನ್ನು ಒಟ್ಟಾಗಿ ನೋಡಿದ ಮೇಲೆ, ಆರಂಭಿಕ ಸಿನಿಮಾ ಎಂದರೆ ಇನ್ನೂ ಮಾಗದ ಕಥನಕಲೆ ಎಂಬ ನಿಲುವೂ ಸಡಿಲವಾಯಿತು. ‘ಮೊದಲಿಗ’ರ ಪಟ್ಟಿಗಳನ್ನಂತೂ ನಾನು ಅಷ್ಟಾಗಿ ನಂಬುವುದಿಲ್ಲ: ಸಿನಿಮಾದ ಮೊದಲ ಪ್ರದರ್ಶನವೆಂದು ಸಾಮಾನ್ಯವಾಗಿ ಹೇಳಲಾಗುವ, 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ನಡೆದ ಲೂಮಿಯೇರ್ ಸಹೋದರರ ಪ್ರದರ್ಶನಕ್ಕೂ ಮುನ್ನ, ನವೆಂಬರ್ 1ರಂದೇ ಸ್ಕ್ಲಾಡನೋವ್ಸ್ಕಿ ಸಹೋದರರು ಬರ್ಲಿನ್‌ನಲ್ಲಿ ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ಚಲಿಸುವ ಚಿತ್ರಗಳನ್ನು ತೋರಿಸಿದ್ದರು.