ಹಾಡಿದವರು ಸಿಕ್ಕರು, ಮಾರಿದವರು ಎಲ್ಲಿ?

ಮಾನ್ಯರೇ,

ಅಮೆರಿಕದ ದಕ್ಷಿಣ ರಾಜ್ಯಗಳ ಗಾಸ್ಪೆಲ್ ಎಂಬ ಕ್ರೈಸ್ತ ಭಕ್ತಿಗೀತೆಗಳ ಪುಸ್ತಕಗಳನ್ನೂ, ಸ್ವರಗಳನ್ನು ಬೇರೆಬೇರೆ ಆಕಾರಗಳಿಂದ ಗುರುತಿಸುವ ಶೇಪ್-ನೋಟ್ ಗಾಯನವನ್ನೂ ಕುರಿತು ತಾವು ಕಳಿಸಿದ ಲೇಖನವನ್ನು ಓದಿದೆ. ವಿಷಯ ನಮ್ಮ ಓದುಗರಿಗೆ ಹೊಸದು, ಭಾಷೆಯೂ ಶುದ್ಧವಾಗಿದೆ. ಆದರೆ ಎರಡು ವಾಕ್ಯಗಳು ನನ್ನನ್ನು ಕೆಣಕಿವೆ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

‘ದಕ್ಷಿಣದ ಓದುಬರಹ ಬಾರದ ಹಳ್ಳಿಗರಿಗಾಗಿ ಈ ಆಕಾರಗಳು ಹುಟ್ಟಿದವು’ ಎಂದಿದ್ದೀರಿ. ‘ದಕ್ಷಿಣದ’ ಎಂಬುದು ತಪ್ಪು: ನಾಲ್ಕು ಆಕಾರಗಳ ಪದ್ಧತಿಯನ್ನು ಬಳಕೆಗೆ ತಂದ ಹಾಡುಪುಸ್ತಕ ‘ಈಜಿ ಇನ್‌ಸ್ಟ್ರಕ್ಟರ್’ 1801ರಲ್ಲಿ ಹೊರಬಂದದ್ದು ಉತ್ತರದ ಫಿಲಡೆಲ್ಫಿಯಾದಲ್ಲಿ. ‘ಓದುಬರಹ ಬಾರದ’ ಎಂಬುದು ಇನ್ನೂ ದೊಡ್ಡ ತಪ್ಪು: ಸ್ವರಗಳ ಕೆಳಗೆ ಸಾಹಿತ್ಯ ಅಚ್ಚಾದ ಪುಸ್ತಕವನ್ನು ಓದಲಾಗದವರು ಕೊಳ್ಳುವುದೇಕೆ? ಫಾ ಎಂಬ ಸ್ವರಕ್ಕೆ ತ್ರಿಕೋನ, ಸೋಲ್ ದುಂಡು, ಲಾ ಚೌಕ, ಮಿ ವಜ್ರಾಕೃತಿ ಎಂದು ಗುರುತಿಟ್ಟರೆ, ಶ್ರುತಿ ಯಾವುದೇ ಇರಲಿ, ಸ್ವರದ ಹೆಸರು ಕಣ್ಣಿಗೇ ಕಾಣುತ್ತದೆ; ಅಷ್ಟೇ ಇದರ ಉಪಾಯ. ಸಾಲದೆಂಬಂತೆ, ಈ ನಾಲ್ಕು ಆಕಾರಗಳಲ್ಲಿರುವ 1844ರ ‘ಸೇಕ್ರೆಡ್ ಹಾರ್ಪ್’ ಎಂಬ ಹಾಡುಪುಸ್ತಕವನ್ನು ತಾವು ಗಾಸ್ಪೆಲ್ ಪುಸ್ತಕಗಳ ಜೊತೆ ಒಂದೇ ಪ್ಯಾರಾದಲ್ಲಿ ಕಲಸಿದ್ದೀರಿ. ಗಾಸ್ಪೆಲ್ ಪ್ರಕಾಶಕರು ಹಿಡಿದದ್ದು ಜೆಸ್ಸಿ ಐಕಿನ್ 1846ರಲ್ಲಿ ‘ಕ್ರಿಶ್ಚಿಯನ್ ಮಿನ್‌ಸ್ಟ್ರೆಲ್’ ಎಂಬ ಪುಸ್ತಕದ ಮೂಲಕ ಕೊಟ್ಟ, ಏಳು ಸ್ವರಗಳಿಗೆ ಏಳು ಆಕಾರಗಳ ದಾರಿಯನ್ನು.

ಎರಡನೆಯದು ಕ್ವಾರ್ಟೆಟ್, ಅಂದರೆ ನಾಲ್ವರ ಗಾಯನತಂಡಗಳ, ಬಗ್ಗೆ: ‘ಕ್ವಾರ್ಟೆಟ್‌ಗಳು ಜನಪ್ರಿಯವಾದ್ದರಿಂದ ಪುಸ್ತಕಗಳಿಗೆ ಬೇಡಿಕೆ ಬಂತು.’ ಇಲ್ಲಿ ಕಾರಣವೂ ಕಾರ್ಯವೂ ಅದಲುಬದಲಾಗಿವೆ. ಟೆನೆಸ್ಸಿಯ ಲಾರೆನ್ಸ್‌ಬರ್ಗ್‌ನ ಪ್ರಕಾಶಕ ಜೇಮ್ಸ್ ಡಿ. ವಾನ್ 1910ರಲ್ಲಿ ನಾಲ್ವರು ಗಾಯಕರಿಗೆ ಸಂಬಳ ಕೊಟ್ಟು ಊರೂರಿಗೆ ಕಳಿಸಿದ್ದೇ ತಮ್ಮ ಪುಸ್ತಕಗಳನ್ನು ಮಾರುವುದಕ್ಕೆ. ಹಾಡುಗಾರಿಕೆಯ ಶಾಲೆಗಳಲ್ಲಿ ಸ್ವರ ಕಲಿಸಿದ ಮೇಷ್ಟರುಗಳೂ ಪುಸ್ತಕ ಮಾರುತ್ತಿದ್ದರು. ಕಲಿತವರು ಗಾಯನ ಸಮಾವೇಶಗಳಿಗೆ ಹೊಸ ಹಾಡುಗಳನ್ನು ಬಯಸಿದರು. ಹಾಗಾಗಿ ವರ್ಷವರ್ಷವೂ ಅಗ್ಗದ ರಟ್ಟಿನ ಹೊಸ ಪುಸ್ತಕ ಬರಬೇಕಾಯಿತು. ಡಲ್ಲಾಸ್‌ನ ಸ್ಟ್ಯಾಂಪ್ಸ್-ಬ್ಯಾಕ್ಸ್ಟರ್ ಸಂಸ್ಥೆ ಬೆಳೆದದ್ದೂ ಈ ವ್ಯಾಪಾರದಿಂದಲೇ. ತಮ್ಮ ಲೇಖನದಲ್ಲಿ ಭಕ್ತಿ ತುಂಬಿದೆ, ವ್ಯಾಪಾರದ ಸುಳಿವೇ ಇಲ್ಲ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ, ವಿಮರ್ಶೆಗೆ ಬಂದ ಯಾವ ಪುಸ್ತಕವನ್ನೂ ಅಲ್ಲಿನ ಹಿರಿಯ ಉಪಸಂಪಾದಕರು ನೇರವಾಗಿ ಓದಲು ಬಿಡುತ್ತಿರಲಿಲ್ಲ. ಮುದ್ರಕರು ಯಾರು, ಬೆಲೆಯೆಷ್ಟು, ಹಿಂಬದಿಯ ಜಾಹೀರಾತು ಯಾರದು ಎಂದು ಮೊದಲು ಹೇಳಿಸುತ್ತಿದ್ದರು. ಅವರ ಮುಂದೆ ನಿಂತು ಒಪ್ಪಿಸುವುದು ಬಾಲವಾಡಿಯ ಶಿಕ್ಷೆಯಂತಿತ್ತು; ಆದರೂ ಪುಸ್ತಕ ನೋಡುವ ಕಣ್ಣು ನನಗೆ ಬಂದದ್ದು ಅಲ್ಲಿಂದಲೇ.

ತಾವೂ ಆ ಪುಸ್ತಕಗಳ ಮುನ್ನುಡಿ, ಬೆಲೆಪಟ್ಟಿ, ಡಜನ್ ಲೆಕ್ಕದ ದರ, ಹಕ್ಕುಸ್ವಾಮ್ಯದ ಸಾಲು ಇವನ್ನು ಓದಿ, ಮೊದಲ ಎರಡು ಭಾಗಗಳನ್ನು ಹೊಸದಾಗಿ ಬರೆದು ಕಳಿಸಿರಿ. ಉಳಿದದ್ದನ್ನು ಆಮೇಲೆ ನೋಡೋಣ.

ಇಂತಿ,
ಸಂಪಾದಕ